ಇಷ್ಟು ಸರಳವಾದದ್ದಕ್ಕೂ ಪೇಟೆಂಟೇ?

ಮನೆಬಳಕೆಯ ಸಾಧನವೊಂದರ ಪೇಟೆಂಟ್ ಜಗಳ ಕೋರ್ಟ್ ಮೆಟ್ಟಿಲೇರಿದಾಗ ಎದುರು ಪಕ್ಷದ ಮೊದಲ ವಾದ ಸಾಮಾನ್ಯವಾಗಿ ಒಂದೇ: ಇದರಲ್ಲಿ ಕಂಡುಹಿಡಿಯುವಂಥದ್ದು ಏನಿದೆ, ಯಾರಿಗಾದರೂ ಹೊಳೆಯುತ್ತಿತ್ತು. ಬಾಯಿಮಾತಿನ ಮೂದಲಿಕೆಯಂತೆ ಕೇಳಿಸಿದರೂ 1970ರ ಭಾರತೀಯ ಪೇಟೆಂಟ್ ಕಾಯ್ದೆಯಲ್ಲಿ ಇದಕ್ಕೆ ಗಟ್ಟಿ ನೆಲೆಯಿದೆ. ಪೇಟೆಂಟ್ ಸಿಗಬೇಕಾದರೆ ವಸ್ತು ಹೊಸದಾಗಿರಬೇಕು, ತಯಾರಿಕೆಗೆ ಒದಗುವಂತಿರಬೇಕು, ಅದರಲ್ಲಿ ಒಂದು ‘ಆವಿಷ್ಕಾರಕ ಹೆಜ್ಜೆ’ಯೂ ಇರಬೇಕು. ಈ ಮೂರನೆಯ ಬೇಡಿಕೆಯನ್ನು ಸೆಕ್ಷನ್ 2(1)(ಜೆಎ) ವಿವರಿಸುತ್ತದೆ. ಇದ್ದ ತಿಳಿವಳಿಕೆಗಿಂತ ತಾಂತ್ರಿಕವಾಗಿ ಮುಂದಿರಬೇಕು, ಇಲ್ಲವೇ ಆರ್ಥಿಕ ಮಹತ್ವ ಇರಬೇಕು, ಅಥವಾ ಎರಡೂ ಇರಬೇಕು. ಜೊತೆಗೆ ಆ ಕಸುಬು ಬಲ್ಲವನಿಗೆ ಅದು ಸಹಜವಾಗಿ ಹೊಳೆಯುವಂತಿರಬಾರದು.

ಹಾಗಾಗಿ ಕಾನೂನು ಕೇಳುವುದು ‘ಸರಳವೇ’ ಎಂದಲ್ಲ. ಯಾರಿಗೆ ಹೊಳೆಯುತ್ತಿತ್ತು ಮತ್ತು ಯಾವಾಗ ಹೊಳೆಯುತ್ತಿತ್ತು ಎಂದು. ಯಾವಾಗ ಎಂಬುದಕ್ಕೆ ಉತ್ತರ ಸುಲಭ: ಅರ್ಜಿ ಸಲ್ಲಿಸಿದ ದಿನ. ಅದರ ಮರುದಿನ ಜಗತ್ತಿಗೆಲ್ಲ ತಿಳಿದರೂ ಅಡ್ಡಿಯಿಲ್ಲ. ಯಾರಿಗೆ ಎಂಬುದು ತುಸು ಸೂಕ್ಷ್ಮ. ಶಿಡ್ಲಘಟ್ಟದ ರೀಲಿಂಗ್ ಘಟಕವೊಂದರಲ್ಲಿ ಬೇಸಿನ್ನಿನ ಬಿಸಿನೀರಲ್ಲಿ ಬೆಂದ ಗೂಡುಗಳಿಂದ ಎಳೆಯ ತುದಿ ಹಿಡಿಯಲು ಯಾರಾದರೂ ಹೊಸ ಬ್ರಷ್ ರೂಪಿಸಿದರು ಎಂದುಕೊಂಡರೆ, ಅದನ್ನು ಅಳೆಯುವ ಕಣ್ಣು ರೇಷ್ಮೆ ಸೀರೆ ಉಡುವವರದ್ದಲ್ಲ, ರೇಷ್ಮೆ ವಿಜ್ಞಾನಿಯದ್ದೂ ಅಲ್ಲ. ಚರಕ, ಕಾಟೇಜ್ ಬೇಸಿನ್, ಮಲ್ಟಿಎಂಡ್ ಯಂತ್ರ ಎಲ್ಲವನ್ನೂ ಬಲ್ಲ, ಕೆಲಸದಲ್ಲಿ ಪಳಗಿದ, ಆದರೆ ಕಲ್ಪನಾಶಕ್ತಿ ಅಷ್ಟೇನೂ ಇಲ್ಲದ ಒಬ್ಬ ಕಾಲ್ಪನಿಕ ಕಸುಬುದಾರನ ಕಣ್ಣು ಅದು. ಅವನು ತನ್ನ ಕ್ಷೇತ್ರದಲ್ಲಿ ಪ್ರಕಟವಾದದ್ದನ್ನೆಲ್ಲ ಓದಿರುತ್ತಾನೆ ಎಂದು ಕಾನೂನು ಭಾವಿಸುತ್ತದೆ. ಅಂಥ ಮನುಷ್ಯ ಎಲ್ಲೂ ಇಲ್ಲ. ಆದರೂ ಪೇಟೆಂಟ್ ವ್ಯಾಜ್ಯಗಳೆಲ್ಲ ಅವನ ಸುತ್ತಲೇ ಸುತ್ತುತ್ತವೆ.

ಈ ವಿಷಯದಲ್ಲಿ ದೇಶದ ಎಲ್ಲ ಕೋರ್ಟ್‌ಗಳೂ ಇಂದಿಗೂ ಉಲ್ಲೇಖಿಸುವ ತೀರ್ಪು ಹುಟ್ಟಿದ್ದು ಅಡುಗೆಮನೆಯ ತಟ್ಟೆ ಪಾತ್ರೆಗಳಿಂದ. ಉತ್ತರ ಪ್ರದೇಶದ ಮಿರ್ಜಾಪುರದಲ್ಲಿ ಹಿತ್ತಾಳೆ ಮತ್ತು ಜರ್ಮನ್ ಸಿಲ್ವರ್ ಪಾತ್ರೆ ಮಾಡುತ್ತಿದ್ದ ಹಿಂದುಸ್ತಾನ್ ಮೆಟಲ್ ಇಂಡಸ್ಟ್ರೀಸ್ ಎಂಬ ಸಂಸ್ಥೆ 1951ರಲ್ಲಿ ಒಂದು ಪೇಟೆಂಟ್ ಪಡೆಯಿತು. ಪಾತ್ರೆಯನ್ನು ಲೇತ್‌ಗೆ ಸಿಕ್ಕಿಸಿ ತಿರುಗಿಸುತ್ತಾ ಕೆರೆದು ಹೊಳಪು ಕೊಡುವುದು ಅಲ್ಲಿನ ಹಳೆಯ ಪದ್ಧತಿ. ಆಗ ಪಾತ್ರೆ ಹಿಡಿತ ತಪ್ಪಿ ಹಾರಿ ಕೆಲಸಗಾರನಿಗೆ ಬಡಿಯುವ ಅಪಾಯವಿತ್ತು. ಲೇತ್‌ನ ಹಿಂಬದಿಯಿಂದ ಒತ್ತು ಕೊಡುವ ಒಂದು ಸ್ಪಿಂಡಲ್ ಸೇರಿಸಿದರೆ ಪಾತ್ರೆ ಎರಡು ಕಡೆಯಿಂದ ಬಿಗಿಯಾಗಿ ನಿಲ್ಲುತ್ತದೆ. ಕೆಲಸ ಬೇಗ ಸಾಗುತ್ತದೆ, ಅಪಾಯ ತಗ್ಗುತ್ತದೆ, ಮೆರುಗೂ ಚೆನ್ನಾಗಿ ಬರುತ್ತದೆ ಎಂಬುದು ಪೇಟೆಂಟಿನ ಸಾರ. ಅದೇ ಊರಿನ ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಸಂಸ್ಥೆ ಇದೇ ರೀತಿ ಕೆಲಸ ಮಾಡತೊಡಗಿದಾಗ ವ್ಯಾಜ್ಯ ಶುರುವಾಯಿತು.

ಅಲಹಾಬಾದ್ ಹೈಕೋರ್ಟ್‌ನ ಏಕಸದಸ್ಯ ಪೀಠ ಪೇಟೆಂಟ್ ನಿಲ್ಲದು ಎಂದಿತು, ವಿಭಾಗೀಯ ಪೀಠ ನಿಲ್ಲುತ್ತದೆ ಎಂದಿತು. ಕಡೆಗೆ 1978ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಏಕಸದಸ್ಯ ಪೀಠದ ಮಾತನ್ನೇ ಎತ್ತಿಹಿಡಿಯಿತು. ಒತ್ತು ಕೊಡುವ ಸ್ಪಿಂಡಲ್ ದಶಕಗಳಿಂದ ಗೊತ್ತಿದ್ದ ವಸ್ತು. ಅದನ್ನು ಪಾತ್ರೆ ಕೆರೆಯುವ ಹಳೆಯ ಕೆಲಸಕ್ಕೇ ತುಸು ಬೇರೆ ರೀತಿಯಲ್ಲಿ ಬಳಸುವುದು ವರ್ಕ್‌ಶಾಪಿನ ಮಟ್ಟದ ಸುಧಾರಣೆಯಷ್ಟೇ. ನುರಿತ ಕುಶಲಕರ್ಮಿಯ ಕೈಗೆಟುಕದ್ದು ಅದರಲ್ಲಿ ಏನೂ ಇಲ್ಲ ಎಂದು ಕೋರ್ಟ್ ಹೇಳಿತು. ಅದು ಕೊಟ್ಟ ಅಳತೆಗೋಲು ಹೀಗಿದೆ: ಹಿಂದಿನ ದಾಖಲೆಯನ್ನು ಆ ದಿನದ ಸಾಮಾನ್ಯ ತಿಳಿವಳಿಕೆಯುಳ್ಳ ಸಮರ್ಥ ಕಸುಬುದಾರನ ಕೈಗಿಡಬೇಕು. ಅವನ ಮುಂದೆ ಅದೇ ಸಮಸ್ಯೆ ಇರಬೇಕು, ಪೇಟೆಂಟಿನ ಉತ್ತರ ಮಾತ್ರ ಗೊತ್ತಿರಬಾರದು. ‘ನನಗೆ ಬೇಕಿದ್ದುದು ಇಲ್ಲೇ ಇದೆ’ ಎಂದು ಅವನು ಹೇಳುವಂತಿದ್ದರೆ ಪೇಟೆಂಟ್ ಉಳಿಯುವುದಿಲ್ಲ. ಕಾಯ್ದೆಯ ಇನ್ನೊಂದು ಮಾತನ್ನೂ ಈ ತೀರ್ಪು ಒತ್ತಿ ಹೇಳಿತು. ಕಚೇರಿ ಪೇಟೆಂಟ್ ಕೊಟ್ಟಿದೆ ಎಂದ ಮಾತ್ರಕ್ಕೆ ಅದು ಸಿಂಧು ಎಂಬ ಖಾತರಿಯಿಲ್ಲ. ಸರ್ಟಿಫಿಕೇಟ್ ಗೋಡೆಗೆ ತೂಗುಹಾಕಿದ ಮೇಲೂ ಅದನ್ನು ಕೋರ್ಟ್‌ನಲ್ಲಿ ಪ್ರಶ್ನಿಸಬಹುದು.

ಚಿಕ್ಕಬಳ್ಳಾಪುರ ಸೀಮೆಗೆ ಇನ್ನೂ ಹತ್ತಿರವಾದದ್ದು ಹಿಮಾಚಲ ಪ್ರದೇಶದ ಬುಟ್ಟಿಯ ಮೊಕದ್ದಮೆ. ಅಲ್ಲಿನ ಸೇಬು ತೋಟಗಳಲ್ಲಿ ಹಣ್ಣನ್ನು ಬೆನ್ನ ಮೇಲೆ ಹೊರಲು ಬಿದಿರಿನ ‘ಕಿಲ್ಟಾ’ ಎಂಬ ಬುಟ್ಟಿ ತಲೆಮಾರುಗಳಿಂದ ಬಳಕೆಯಲ್ಲಿದೆ. ಅದೇ ಆಕಾರದ ಸಾಧನವನ್ನು ಪ್ಲಾಸ್ಟಿಕ್‌ನಲ್ಲಿ, ಪಟ್ಟಿಗಳ ಸಮೇತ ರೂಪಿಸಿದವರು 2002ರಲ್ಲಿ ಅರ್ಜಿ ಹಾಕಿ 2005ರಲ್ಲಿ ಪೇಟೆಂಟ್ ಪಡೆದರು. ನೀಲ್‌ಕಮಲ್ ಪ್ಲಾಸ್ಟಿಕ್ ಕ್ರೇಟ್ಸ್ ಕಂಪನಿ ಅಂಥದ್ದೇ ಬುಟ್ಟಿ ಮಾರಲು ಹೊರಟಾಗ ತಡೆಯಾಜ್ಞೆ ಕೋರಿದರು. ಹಿಮಾಚಲ ಹೈಕೋರ್ಟ್ ತಡೆಯಾಜ್ಞೆ ಕೊಡಲಿಲ್ಲ. ಬಿದಿರಿನದ್ದನ್ನು ಪ್ಲಾಸ್ಟಿಕ್‌ನಲ್ಲಿ ಮಾಡಿದ್ದು ಮೇಲ್ನೋಟಕ್ಕೆ ಆವಿಷ್ಕಾರವಲ್ಲ, ಪಾರಂಪರಿಕ ಜ್ಞಾನದ ಮರುರೂಪ ಎಂಬುದು ಅದರ ನಿಲುವು. ಕಾಯ್ದೆಯ ಸೆಕ್ಷನ್ 3(ಪಿ) ಪಾರಂಪರಿಕ ಜ್ಞಾನಕ್ಕೆ, ಅದರ ಗೊತ್ತಿರುವ ಗುಣಗಳ ಜೋಡಣೆಗೆ ಪೇಟೆಂಟ್ ನಿರಾಕರಿಸುತ್ತದೆ.

ಇದನ್ನು ಶಿಡ್ಲಘಟ್ಟ, ಚಿಂತಾಮಣಿಯ ಹುಳುಮನೆಗಳಿಗೆ ತಂದು ನೋಡಬಹುದು. ಹಣ್ಣಾದ ಹುಳು ಗೂಡು ಕಟ್ಟಲು ಹಿಂದಿನಿಂದ ಇದ್ದದ್ದು ಬಿದಿರಿನ ಚಂದ್ರಿಕೆ: ಚಾಪೆಯ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿಯಾಗಿ ನಿಲ್ಲಿಸಿ ಹೆಣೆದದ್ದು. ಈಗ ಮಡಚಿಡಬಹುದಾದ ಪ್ಲಾಸ್ಟಿಕ್ ನೇತ್ರಿಕೆಗಳೂ ಬಂದಿವೆ. ಚಂದ್ರಿಕೆಯ ಅದೇ ಸುರುಳಿಯನ್ನು ಯಾರಾದರೂ ಪ್ಲಾಸ್ಟಿಕ್‌ನಲ್ಲಿ ಅಚ್ಚು ಹಾಕಿ ‘ನನ್ನದು’ ಎಂದರೆ ಕಿಲ್ಟಾದ ಗತಿಯೇ ಕಾದಿರುತ್ತದೆ. ಬದಲಿಗೆ, ಎರಡು ಹುಳು ಸೇರಿ ಒಂದೇ ಗೂಡು ಕಟ್ಟುವುದನ್ನು ತಪ್ಪಿಸುವಂತೆ ಸುರುಳಿಯ ಅಂತರವನ್ನೋ ಇಳಿಜಾರನ್ನೋ ಬದಲಿಸಿ, ಜೋಡಿಗೂಡು ಕಡಿಮೆಯಾದದ್ದನ್ನು ಅಳತೆ ಸಮೇತ ತೋರಿಸಿದರೆ ಮಾತೇ ಬೇರೆ. ಅಲ್ಲಿ ವಸ್ತು ಬದಲಾದದ್ದು ಮುಖ್ಯವಲ್ಲ. ಹಳೆಯ ತೊಂದರೆಯೊಂದಕ್ಕೆ ಯಾರೂ ನಿರೀಕ್ಷಿಸದ ಪರಿಹಾರ ಸಿಕ್ಕಿದ್ದು ಮುಖ್ಯ. ಬೇಸಾಯದ ವಿಧಾನಕ್ಕೆ ಸೆಕ್ಷನ್ 3(ಎಚ್) ಪ್ರಕಾರ ಪೇಟೆಂಟ್ ಇಲ್ಲ, ಉಪಕರಣಕ್ಕೆ ಆ ಅಡ್ಡಿಯಿಲ್ಲ ಎಂಬುದನ್ನೂ ಇಲ್ಲಿ ನೆನಪಿಡಬೇಕು.

ವಸ್ತು ಬದಲಿಸಿದರೆ ಸಾಲದು ಎಂಬ ತತ್ವ ಹಳೆಯದು. ಮರ, ಲೋಹದ ಬದಲು ಜೇಡಿಮಣ್ಣು ಮತ್ತು ಪಿಂಗಾಣಿಯಲ್ಲಿ ಬಾಗಿಲ ಹಿಡಿ ಮಾಡಿದವರ ಪೇಟೆಂಟನ್ನು ಅಮೆರಿಕದ ಸುಪ್ರೀಂ ಕೋರ್ಟ್ 1851ರಲ್ಲೇ ತಳ್ಳಿಹಾಕಿತ್ತು. 1875ರಲ್ಲಿ ಅದೇ ಕೋರ್ಟ್ ತುದಿಯಲ್ಲಿ ರಬ್ಬರ್ ಇರುವ ಪೆನ್ಸಿಲ್ಲಿನ ಪೇಟೆಂಟಿಗೂ ಮಾನ್ಯತೆ ಕೊಡಲಿಲ್ಲ: ಪೆನ್ಸಿಲ್ ಬರೆಯುತ್ತದೆ, ರಬ್ಬರ್ ಅಳಿಸುತ್ತದೆ, ಜೊತೆಗಿಟ್ಟ ಮಾತ್ರಕ್ಕೆ ಎರಡೂ ಸೇರಿ ಮೂರನೆಯದೇನನ್ನೂ ಮಾಡುವುದಿಲ್ಲ. ನಮ್ಮ ಸೆಕ್ಷನ್ 3(ಎಫ್) ಹೇಳುವುದೂ ಇದನ್ನೇ. ಗೊತ್ತಿರುವ ಸಾಧನಗಳು ತಂತಮ್ಮ ಹಳೆಯ ಕೆಲಸವನ್ನೇ ಬೇರೆಬೇರೆಯಾಗಿ ಮಾಡುತ್ತಿದ್ದರೆ ಅವುಗಳ ಜೋಡಣೆ ಆವಿಷ್ಕಾರವಲ್ಲ.

ಮುದ್ದೆ ತೊಳಸುವ ಕೆಲಸದಲ್ಲಿ ಈ ಗೆರೆ ಎಲ್ಲಿ ಬೀಳುತ್ತದೆ ಎಂಬುದು ಚೆನ್ನಾಗಿ ಕಾಣುತ್ತದೆ. ಒಲೆಯ ಮೇಲೆ ಹಿಟ್ಟು ಬೆಂದು ಗಟ್ಟಿಯಾದಂತೆ ಕೋಲಿನ ಸುತ್ತಿಗೆ ಪಾತ್ರೆಯೇ ತಿರುಗತೊಡಗುತ್ತದೆ. ಅದಕ್ಕೇ ಕವೆಗೋಲಿನಿಂದ ಪಾತ್ರೆಯನ್ನು ಒತ್ತಿ ಹಿಡಿಯುತ್ತಾರೆ. ಗೌರಿಬಿದನೂರಿನ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಯಾರಾದರೂ ಸ್ಟೌಗೆ ಕವೆಯನ್ನು ಬೆಸೆದು, ಪಕ್ಕದಲ್ಲೊಂದು ಕೋಲು ನೇತುಹಾಕುವ ಕೊಕ್ಕೆ ಸೇರಿಸಿದರು ಎನ್ನೋಣ. ಕವೆ ಹಿಡಿಯುತ್ತದೆ, ಕೊಕ್ಕೆ ನೇತುಹಾಕುತ್ತದೆ. ಅದು ಬರೀ ಜೋಡಣೆ. ಆದರೆ ತೊಳಸುವ ಬಲ ಹೆಚ್ಚಿದಷ್ಟೂ ಪಾತ್ರೆಯ ಕಂಠವನ್ನು ತಾನೇ ಹೆಚ್ಚು ಬಿಗಿಯಾಗಿ ಕಚ್ಚಿಕೊಳ್ಳುವ, ಕೈಬಿಟ್ಟೊಡನೆ ಸಡಿಲವಾಗುವ ಹಿಡಿಕೆಯನ್ನು ಮಾಡಿದರೆ ಭಾಗಗಳು ಪರಸ್ಪರ ಒದಗಿ ಕೆಲಸ ಮಾಡುತ್ತವೆ, 3(ಎಫ್)ನ ಆಕ್ಷೇಪ ನಿಲ್ಲುವುದು ಕಷ್ಟ. ಅಷ್ಟಾದರೂ ತಾನಾಗಿ ಬಿಗಿಯುವ ಇಕ್ಕಳ ಬೇರೆ ಕ್ಷೇತ್ರದಲ್ಲಿ ಮೊದಲೇ ಇತ್ತೇ, ಪಾತ್ರೆ ತಯಾರಕನಿಗೆ ಅಲ್ಲಿ ಹುಡುಕುವುದು ಸಹಜವೇ ಎಂಬ ಪ್ರಶ್ನೆ ಬಾಕಿ ಉಳಿಯುತ್ತದೆ.

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ ಹುಟ್ಟಿದ ಅತ್ಯಂತ ಪ್ರಸಿದ್ಧ ಪೇಟೆಂಟ್‌ದಾರರೆಂದರೆ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ. ಪ್ರವಾಹದ ನೀರೇರಿದಾಗ ತಾವೇ ತೆರೆದುಕೊಂಡು, ಇಳಿದಾಗ ತಾವೇ ಮುಚ್ಚಿಕೊಳ್ಳುವ ಅವರ ಸ್ವಯಂಚಾಲಿತ ಬಾಗಿಲುಗಳನ್ನು ಮೊದಲು ಅಳವಡಿಸಿದ್ದು ಪುಣೆ ಬಳಿಯ ಖಡಕವಾಸ್ಲಾದಲ್ಲಿ, 20ನೇ ಶತಮಾನದ ಆರಂಭದಲ್ಲಿ. ಮುಂದೆ ಕೃಷ್ಣರಾಜಸಾಗರಕ್ಕೂ ಅಂಥ ಬಾಗಿಲುಗಳು ಬಂದವು. ಇವು ಮನೆಬಳಕೆಯ ವಸ್ತುವಲ್ಲ. ಆದರೂ ಉದಾಹರಣೆ ತಕ್ಕುದಾಗಿದೆ. ಬಾಗಿಲು, ಪ್ರತಿತೂಕ, ನೀರಿನ ಬಲ, ಇವೆಲ್ಲ ಹಳೆಯವೇ. ಕಾವಲುಗಾರನಿಲ್ಲದೆ ನೀರೇ ಬಾಗಿಲು ತೆರೆಯುವಂತೆ ಅವನ್ನು ಒಂದಕ್ಕೊಂದು ಹೊಂದಿಸಿದ್ದು ಹೊಸದು. ಸರ್ಕಾರಿ ಸೇವೆಯಲ್ಲಿದ್ದಾಗ ಮಾಡಿದ ಕೆಲಸವೆಂದು ಅವರು ರಾಯಲ್ಟಿ ಬೇಡವೆಂದದ್ದು ಎಲ್ಲರೂ ಬಲ್ಲ ಸಂಗತಿ.

ಸರಳವಾದದ್ದು ಗೆದ್ದ ಪ್ರಕರಣಗಳೂ ಇವೆ. ದೆಹಲಿ ಹೈಕೋರ್ಟ್‌ನ ವಿಭಾಗೀಯ ಪೀಠವು 1970ರ ದಶಕದ ಕೊನೆಯಲ್ಲಿ ರಾಜ್ ಪ್ರಕಾಶ್ ಪ್ರಕರಣದಲ್ಲಿ ಮಕ್ಕಳ ಆಟಿಕೆಯಾದ ಫಿಲ್ಮ್ ಸ್ಟ್ರಿಪ್ ವ್ಯೂವರ್‌ನ ಪೇಟೆಂಟನ್ನು ಎತ್ತಿಹಿಡಿಯಿತು. ಕಣ್ಣಿಗಿಟ್ಟು ಸಿನಿಮಾ ಚಿತ್ರ ನೋಡುವ ಪುಟ್ಟ ಪೆಟ್ಟಿಗೆ ಅದು. ಆವಿಷ್ಕಾರ ದೊಡ್ಡದಾಗಿರಬೇಕೆಂದೇನೂ ಇಲ್ಲ ಎಂಬುದಕ್ಕೆ ವಕೀಲರು ಇಂದಿಗೂ ತೋರಿಸುವ ತೀರ್ಪು. ಬ್ರಿಟನ್ನಿನಲ್ಲಿ 1999ರಲ್ಲಿ ಇತ್ಯರ್ಥವಾದ ಹೇಬರ್‌ಮನ್ ಪ್ರಕರಣ ಇನ್ನೂ ಸ್ವಾರಸ್ಯಕರ. ಕೂಸುಗಳು ಹೀರಿದಾಗ ಮಾತ್ರ ಹಾಲು ಬರುವ, ಬೋರಲಾದರೂ ಚೆಲ್ಲದ ಲೋಟವನ್ನು ಮ್ಯಾಂಡಿ ಹೇಬರ್‌ಮನ್ ರೂಪಿಸಿದ್ದರು. ಒಳಗಿದ್ದದ್ದು ಸೀಳು ಬಿಟ್ಟ ಒಂದು ರಬ್ಬರ್ ಕವಾಟ. ಸೀಳು ಕವಾಟ ಬೇರೆಡೆ ಇದ್ದದ್ದೇ, ಅದನ್ನು ಲೋಟಕ್ಕೆ ಹಾಕುವುದರಲ್ಲೇನು ಜಾಣತನ ಎಂದು ಎದುರಾಳಿ ಜಾಕೆಲ್ ಕಂಪನಿ ವಾದಿಸಿತು. ನ್ಯಾಯಮೂರ್ತಿ ಲ್ಯಾಡಿ ಒಪ್ಪಲಿಲ್ಲ. ಹೆಜ್ಜೆ ಚಿಕ್ಕದೆಂಬುದು ನಿಜ. ಆದರೆ ಚೆಲ್ಲುವ ಹಾಲಿನ ತೊಂದರೆ ಎಲ್ಲರಿಗೂ ಗೊತ್ತಿತ್ತು, ಬೇಕಾದ ಸಾಮಗ್ರಿ ವರ್ಷಗಳಿಂದ ಕೈಯಳತೆಯಲ್ಲಿತ್ತು, ತಯಾರಕರೆಲ್ಲ ಒಳ್ಳೆಯ ಲೋಟಕ್ಕಾಗಿ ತಡಕಾಡುತ್ತಿದ್ದರು. ಅಷ್ಟು ಸುಲಭವಿದ್ದರೆ ಅವರಲ್ಲಿ ಒಬ್ಬರಾದರೂ ಯಾಕೆ ಮಾಡಲಿಲ್ಲ?

ಮನೆಬಳಕೆಯ ವಸ್ತುವಿನ ಪರ ವಾದಿಸುವವರಿಗೆ ಇದಕ್ಕಿಂತ ಬಲವಾದ ಆಯುಧ ಇನ್ನೊಂದಿಲ್ಲ. ಉತ್ತರ ನೋಡಿದ ಮೇಲೆ ಒಗಟು ಎಲ್ಲರಿಗೂ ಸುಲಭ. ಕೋರ್ಟ್‌ಗಳು ಈ ಹಿನ್ನೋಟದ ಮೋಸದ ಬಗ್ಗೆ ಎಚ್ಚರವಹಿಸುತ್ತವೆ. ಆದರೆ ಮಾರಾಟ ಜೋರಾಗಿದೆ ಎಂಬುದೊಂದೇ ಸಾಕ್ಷ್ಯ ಸಾಲದು. ಜಾಹೀರಾತು, ಬೆಲೆ, ಅಂಗಡಿಗಳ ಜಾಲದಿಂದಲೂ ವಸ್ತು ಖರ್ಚಾಗುತ್ತದೆ. ಎಷ್ಟು ಕಾಲದಿಂದ ತೊಂದರೆ ಇತ್ತು, ಯಾರು ಯಾರು ಪ್ರಯತ್ನಿಸಿ ಸೋತರು, ಆ ಒಂದು ಬದಲಾವಣೆಯಿಂದಲೇ ಗಿರಾಕಿ ಬಂದನೇ ಎಂಬುದನ್ನು ತೋರಿಸಬೇಕು. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು; ಹುಣಸೆಹಣ್ಣಿನಿಂದ ಬೀಜ ಬೇರ್ಪಡಿಸುವ ಯಂತ್ರ ಅವರ ಹೆಸರಾದ ಸಾಧನಗಳಲ್ಲೊಂದು. ಹುಣಸೆ ಕುಟ್ಟಿ ಬೀಜ ತೆಗೆಯುವ ಕೆಲಸ ಚಿಂತಾಮಣಿ ಸುತ್ತಿನ ಮನೆಗಳಲ್ಲಿ ಹೆಂಗಸರ ಕೈ ಸವೆಸುತ್ತಿದ್ದುದು ಇಂದು ನಿನ್ನೆಯದಲ್ಲ. ಇಂಥ ದೀರ್ಘ ಕಾಲದ ಕಷ್ಟ ದಾಖಲೆಯಲ್ಲಿದ್ದರೆ ಅದೇ ಅರ್ಜಿದಾರನ ಸಾಕ್ಷಿ.

ಎದುರು ಪಕ್ಷಕ್ಕೆ ಬೇಕಾದ ಸಾಕ್ಷ್ಯ ಬೇರೆ ಬಗೆಯದು. ವಿಂಡ್‌ಸರ್ಫಿಂಗ್ ಹಲಗೆಯ ಪೇಟೆಂಟನ್ನು ಬ್ರಿಟನ್ನಿನ ಮೇಲ್ಮನವಿ ನ್ಯಾಯಾಲಯ 1985ರಲ್ಲಿ ವರದಿಯಾದ ತೀರ್ಪಿನಲ್ಲಿ ಅಸಿಂಧುಗೊಳಿಸಿದ್ದು, 1958ರಲ್ಲೇ ಹೇಲಿಂಗ್ ದ್ವೀಪದ ಕಡಲ ತೀರದಲ್ಲಿ 12 ವರ್ಷದ ಹುಡುಗನೊಬ್ಬ ಮನೆಯಲ್ಲೇ ಅಂಥದ್ದನ್ನು ಮಾಡಿಕೊಂಡು ಎಲ್ಲರೆದುರು ಆಡಿದ್ದನೆಂಬ ಕಾರಣಕ್ಕೆ. ಅವನು ಕಟ್ಟಿದ್ದು ತುಸು ಒರಟು ರೂಪ. ಅದರಿಂದ ಪೇಟೆಂಟಿನ ರೂಪಕ್ಕೆ ದಾಟುವುದು ಸಹಜ ಹೆಜ್ಜೆ ಎಂದಿತು ಕೋರ್ಟ್. ಭಾರತದಲ್ಲೂ ಅರ್ಜಿಯ ದಿನಕ್ಕೆ ಮುಂಚೆ ಸಾರ್ವಜನಿಕವಾಗಿ ಬಳಕೆಯಲ್ಲಿದ್ದದ್ದು ಲೆಕ್ಕಕ್ಕೆ ಬರುತ್ತದೆ. ಅಷ್ಟೇ ಅಲ್ಲ, ಸ್ಥಳೀಯ ಸಮುದಾಯದಲ್ಲಿ ಬಾಯಿಂದ ಬಾಯಿಗೆ ಬಂದ ತಿಳಿವಳಿಕೆಯನ್ನೂ ಸೆಕ್ಷನ್ 25 ಮತ್ತು 64 ಆಕ್ಷೇಪಕ್ಕೆ ಆಧಾರವಾಗಿ ಒಪ್ಪುತ್ತವೆ. ‘ನಮ್ಮಜ್ಜಿ ಕಾಲದಿಂದ ಇದೆ’ ಎಂಬ ಮಾತಿಗೂ ಕಾನೂನಿನಲ್ಲಿ ಸ್ಥಾನವಿದೆ ಎಂದಾಯಿತು. ಆದರೆ ತಾರೀಖಿಲ್ಲದ ಮಾತು ಪಾಟೀಸವಾಲಿನಲ್ಲಿ ಬೇಗ ಕರಗುತ್ತದೆ. ತಾರೀಖಿರುವ ಬಿಲ್ಲು, ಹಳೆಯ ಕ್ಯಾಟಲಾಗ್, ರೇಷ್ಮೆ ಇಲಾಖೆಯ ಕರಪತ್ರ, ಪತ್ರಿಕೆಯ ಫೋಟೋ, ಅಪ್‌ಲೋಡ್ ಆದ ದಿನ ಕಾಣುವ ಯೂಟ್ಯೂಬ್ ವಿಡಿಯೋ, ಇವುಗಳ ತೂಕ ಹೆಚ್ಚು.

ಇದೇ ಕಾರಣಕ್ಕೆ ಸಾಧನ ಮಾಡಿದವರು ಸಾಮಾನ್ಯವಾಗಿ ತಮ್ಮ ಕಾಲಿಗೆ ತಾವೇ ಕಲ್ಲು ಹಾಕಿಕೊಳ್ಳುತ್ತಾರೆ. ಅರ್ಜಿ ಹಾಕುವ ಮೊದಲೇ ಜಿಕೆವಿಕೆ ಕೃಷಿ ಮೇಳದಲ್ಲೋ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲೋ ಪ್ರದರ್ಶಿಸಿ, ವಾಟ್ಸ್ಆ್ಯಪ್ ಗುಂಪುಗಳಿಗೆ ವಿಡಿಯೋ ಹಂಚಿ, ನಾಲ್ಕು ಜನಕ್ಕೆ ಮಾರಿಯೂ ಬಿಟ್ಟಿರುತ್ತಾರೆ. ಪ್ರದರ್ಶನದ ನಂತರ 12 ತಿಂಗಳ ರಿಯಾಯಿತಿ ಇರುವುದು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದ ಪ್ರದರ್ಶನಗಳಿಗೆ ಮಾತ್ರ. ಮಾರುವ ಮೊದಲು ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಸಲ್ಲಿಸಿದರೆ ದಿನಾಂಕ ಕೈವಶವಾಗುತ್ತದೆ. ಪೂರ್ಣ ವಿವರಣೆ ಕೊಡಲು 12 ತಿಂಗಳು ಸಿಗುತ್ತದೆ. ವ್ಯಕ್ತಿಯೊಬ್ಬರು ಆನ್‌ಲೈನ್‌ನಲ್ಲಿ ಸಲ್ಲಿಸುವ ಅರ್ಜಿಗೆ ಶುಲ್ಕ 1,600 ರೂಪಾಯಿ, ಪರಿಶೀಲನೆಯ ಕೋರಿಕೆಗೆ 4,000 ರೂಪಾಯಿ. ದುಬಾರಿಯಾಗುವುದು ಏಜೆಂಟರ ಫೀಸು. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರವಿದೆ. ಔಪಚಾರಿಕ ತರಬೇತಿ ಇಲ್ಲದ ಗ್ರಾಮೀಣ ಅನ್ವೇಷಕರಿಗೆ ಗಾಂಧಿನಗರದ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ನೆರವಾಗುತ್ತದೆ. ಹಣ ಖರ್ಚು ಮಾಡುವ ಮೊದಲು ಪೇಟೆಂಟ್ ಕಚೇರಿಯ ಇನ್‌ಪಾಸ್ ತಾಣದಲ್ಲಿ ಉಚಿತವಾಗಿ ಹುಡುಕಿ ನೋಡಬೇಕು.

ನಿಜ ಹೇಳಬೇಕೆಂದರೆ ಅಡುಗೆಮನೆಯ ಬಹಳಷ್ಟು ಸುಧಾರಣೆಗಳಿಗೆ ಪೇಟೆಂಟ್ ಸರಿಯಾದ ಬಾಗಿಲೇ ಅಲ್ಲ. ಜರ್ಮನಿ, ಚೀನಾಗಳಲ್ಲಿರುವ ‘ಯುಟಿಲಿಟಿ ಮಾಡೆಲ್’ ಎಂಬ ಕಿರು ಹಕ್ಕು ಭಾರತದಲ್ಲಿಲ್ಲ. ಆದ್ದರಿಂದ ಸಣ್ಣ ಜಾಣತನವೂ ದೊಡ್ಡ ಪೇಟೆಂಟಿನ ಅಳತೆಗೇ ನಿಲ್ಲಬೇಕಾಗುತ್ತದೆ. ಹೊಸತನ ಇರುವುದು ನೋಟದಲ್ಲಾದರೆ 2000ದ ವಿನ್ಯಾಸ ಕಾಯ್ದೆಯಡಿ ನೋಂದಣಿ ಮಾಡಿಸಬಹುದು. ಅದು 10 ವರ್ಷ, ನವೀಕರಿಸಿದರೆ ಮತ್ತೆ 5 ವರ್ಷ ನಡೆಯುತ್ತದೆ. ಆದರೆ ಆಕಾರಕ್ಕಷ್ಟೇ ರಕ್ಷಣೆ. ಅದೇ ಕೆಲಸ ಮಾಡುವ ಬೇರೆ ಆಕಾರದ ವಸ್ತುವನ್ನು ತಡೆಯಲಾಗದು.

ಕರ್ನಾಟಕದ ಅರ್ಜಿಗಳು ಚೆನ್ನೈನ ಪೇಟೆಂಟ್ ಕಚೇರಿಗೆ ಹೋಗುತ್ತವೆ. ಸಾಮಾನ್ಯವಾಗಿ 18 ತಿಂಗಳ ನಂತರ ಅರ್ಜಿ ಪ್ರಕಟವಾಗುತ್ತದೆ. ಅಲ್ಲಿಂದ ಪೇಟೆಂಟ್ ಕೊಡುವವರೆಗೆ ಯಾರು ಬೇಕಾದರೂ ಆಕ್ಷೇಪ ಸಲ್ಲಿಸಬಹುದು. 2024ರ ತಿದ್ದುಪಡಿಯ ನಂತರ ಅದಕ್ಕೂ ಶುಲ್ಕವಿದೆ. ಕೊಟ್ಟದ್ದು ಪ್ರಕಟವಾದ ಮೇಲೆ ಒಂದು ವರ್ಷದೊಳಗೆ ಹಿತಾಸಕ್ತಿ ಇರುವವರು, ಅಂದರೆ ಅದೇ ವಹಿವಾಟಿನವರು, ಆಕ್ಷೇಪಿಸಬಹುದು. ಶಿಡ್ಲಘಟ್ಟದ ರೀಲರ್‌ಗಳು ತಮ್ಮ ಬಳಕೆಯ ಸಾಧನಕ್ಕೆ ಯಾರೋ ಹಕ್ಕು ಕೇಳಿದ್ದು ಗೊತ್ತಾದರೆ ಈ ಮೊದಲ ಹಂತದಲ್ಲೇ ಎದ್ದು ನಿಲ್ಲುವುದು ಲೇಸು; ಕೋರ್ಟ್‌ಗಿಂತ ಇದು ಎಷ್ಟೋ ಅಗ್ಗ.

ಪರಿಶೀಲಕರ ಮೊದಲ ವರದಿಯಲ್ಲಿ ಎರಡು ಮೂರು ಹಳೆಯ ದಾಖಲೆ ಹೆಸರಿಸಿ, ಇವನ್ನು ಜೋಡಿಸಿದರೆ ನಿಮ್ಮದೇ ಆಗುತ್ತದೆ ಎಂದು ಬರೆದಿರುವುದು ಮಾಮೂಲು. ಉತ್ತರಿಸಲು 6 ತಿಂಗಳಿವೆ, ಕೋರಿದರೆ ಮತ್ತೆ 3. ‘ನಮ್ಮದು ಉಪಯುಕ್ತ’ ಎಂಬ ಉತ್ತರ ನಿಲ್ಲುವುದಿಲ್ಲ, ಅದನ್ನು ಯಾರೂ ಅಲ್ಲಗಳೆದಿರುವುದಿಲ್ಲ. ಆ ದಾಖಲೆಗಳನ್ನು ಜೋಡಿಸಲು ಕಸುಬುದಾರನಿಗೆ ಕಾರಣವೇ ಇರಲಿಲ್ಲ, ಜೋಡಿಸಿದರೂ ಈ ಫಲ ಬರುತ್ತಿರಲಿಲ್ಲ ಎಂದು ಅಳತೆಗಳೊಂದಿಗೆ ತೋರಿಸಬೇಕು. ಅರ್ಜಿ ತಿರಸ್ಕೃತವಾದರೆ 3 ತಿಂಗಳೊಳಗೆ ಮದ್ರಾಸ್ ಹೈಕೋರ್ಟ್‌ಗೆ ಮೇಲ್ಮನವಿ. ಹಿಂದೆ ಇದನ್ನು ಕೇಳುತ್ತಿದ್ದ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ 2021ರಲ್ಲಿ ರದ್ದಾಯಿತು.

ಪೇಟೆಂಟ್ ಉಲ್ಲಂಘನೆಯ ದಾವೆಯನ್ನು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಹೂಡುವಂತಿಲ್ಲ. ಪ್ರತಿವಾದಿ ‘ಇದು ಯಾರಿಗಾದರೂ ಹೊಳೆಯುವಂಥದ್ದು’ ಎಂದು ಬರೀ ರಕ್ಷಣೆಯಾಗಿ ಹೇಳಿದರೆ ವಿಚಾರಣೆ ಅಲ್ಲೇ ನಡೆಯುತ್ತದೆ. ಪೇಟೆಂಟನ್ನೇ ರದ್ದುಮಾಡಿ ಎಂದು ಪ್ರತಿದಾವೆ ಹಾಕಿದರೆ ಸೆಕ್ಷನ್ 104ರಂತೆ ಕಡತ ಚಿಕ್ಕಬಳ್ಳಾಪುರದಿಂದ ಬೆಂಗಳೂರಿನ ಹೈಕೋರ್ಟ್‌ಗೆ ವರ್ಗವಾಗುತ್ತದೆ, ಖರ್ಚೂ ಅದರೊಂದಿಗೆ ಏರುತ್ತದೆ. ಗೆದ್ದು ಉಳಿದ ಪೇಟೆಂಟಿನ ಆಯಸ್ಸು ಅರ್ಜಿಯ ದಿನದಿಂದ 20 ವರ್ಷ. ಮೂರನೆಯ ವರ್ಷದಿಂದ ವರ್ಷವರ್ಷವೂ ನವೀಕರಣ ಶುಲ್ಕ ಕಟ್ಟಬೇಕು. ಕಟ್ಟದೆ ಬಿದ್ದುಹೋದ ಪೇಟೆಂಟನ್ನು ಮತ್ತೆ ಊರ್ಜಿತಗೊಳಿಸಲು 18 ತಿಂಗಳೊಳಗೆ ಅರ್ಜಿ ಹಾಕಬಹುದು.